ಪದಕಕ್ಕೆ ಹಲ್ಲು ಕೂರಿಸಿದವಳು

ಅವಳ ಎಡಗಡೆಯ ಹುಬ್ಬು ಅರ್ಧವೇ ಇತ್ತು. ಮೂಗಿನ ಕಡೆಯ ಅರ್ಧ ದಟ್ಟವಾಗಿ ಕಪ್ಪಗೆ, ಕಿವಿಯ ಕಡೆಯದು ಬೋಳು. ಬೆಸುಗೆ ಹಾಕುವಾಗ ಉರಿ ಮುಖಕ್ಕೆ ಹಾರಿ ಸುಟ್ಟದ್ದು ಮತ್ತೆ ಬೆಳೆಯಲಿಲ್ಲವಂತೆ. ಬೇರೆ ಹೆಂಗಸಾಗಿದ್ದರೆ ಪೆನ್ಸಿಲ್ಲಿನಲ್ಲಿ ತೀಡಿಕೊಳ್ಳುತ್ತಿದ್ದಳು. ಇವಳು ಹಾಗೇ ಬಿಟ್ಟಿದ್ದಳು. ಸುಮ್ಮನೆ ನೋಡಿದರೂ ಎದುರಿನವರ ಮಾತನ್ನು ಅರ್ಧ ಮಾತ್ರ ನಂಬಿದ ಹಾಗೆ ಕಾಣುತ್ತಿತ್ತು. ನಿಜಕ್ಕೂ ಅಷ್ಟೇ ನಂಬುತ್ತಿದ್ದಳು.

ನಾನು ಓದಿದ್ದು ಐದನೇ ಕ್ಲಾಸು. ಅಮೆರಿಕಾದಲ್ಲಿ ಆರು ತಿಂಗಳು ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಮಗಳ ಮನೆ, ಆರು ತಿಂಗಳು ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ಮಗನ ಮನೆ. ಎರಡು ಕಡೆಯೂ ಅಡಿಗೆ ನನ್ನದೇ. ವಾರೆನ್‌ನಲ್ಲಿದ್ದಾಗ ಒಂದು ದಿನ ನನ್ನ ಮೂಗುತಿಯ ತಿರುಪು ಸವೆದು ಬಿದ್ದುಹೋಯಿತು. ಮಾಲ್‌ನ ಒಡವೆ ಅಂಗಡಿಗೆ ಹೋದರೆ ಆ ಹುಡುಗಿ ಅದನ್ನು ಕಿವಿಯದು ಅಂದುಕೊಂಡು ಇನ್ನೊಂದು ಎಲ್ಲಿ ಎಂದು ಕೇಳಿದಳು. ಮಗಳು ಫೋನಿನಲ್ಲಿ ಹುಡುಕಿ, ಡೆಟ್ರಾಯಿಟ್ ನದಿಯ ನಡುವೆ ಒಂದು ದ್ವೀಪವಿದೆ, ಅಲ್ಲಿ ಒಬ್ಬಳು ಇಂಥ ಸಣ್ಣ ಕೆಲಸ ಮಾಡುತ್ತಾಳಂತೆ ಎಂದಳು. ಹೊರಟೆವು. ದ್ವೀಪದ ಸೇತುವೆ ನಡುವಿನಲ್ಲಿ ಬಾಗಿಲಿನ ಹಾಗೆ ತಿರುಗಿ ನಿಂತಿತ್ತು. ಒಂದು ಹಡಗು ಸಾವಕಾಶವಾಗಿ ಹೋಗುವ ತನಕ ಕಾದೆವು.

ಮನೆಯ ಹಿಂದೆ ದೋಣಿ ಇಡುವ ಶೆಡ್ಡು, ಅದೇ ಅವಳ ಅಂಗಡಿ. ಬಾಗಿಲಲ್ಲಿ ಇಂಗ್ಲಿಷ್ ಬೋರ್ಡು. ಒಳಗೆ ಚೂಡಿದಾರದ ಮೇಲೆ ದಪ್ಪ ತೊಗಲಿನ ಏಪ್ರನ್ ಕಟ್ಟಿಕೊಂಡ ಅರವತ್ತರ ಹೆಂಗಸು. ನನ್ನ ಮುಖ ನೋಡಲಿಲ್ಲ, ಮೂಗು ನೋಡಿದಳು.

"ಕನ್ನಡದವರಾ?"

"ಹೂಂ. ನೀವು?"

"ಮೈಸೂರು. ನಮ್ಮಪ್ಪ ಆಚಾರಿ. ಈ ತಿರುಪು ಯಾರು ಹಾಕಿದ್ದು?"

"ನಮ್ಮೂರ ಆಚಾರಿ."

"ಕಳ್ಳ. ಬೆಸುಗೆ ಜಾಸ್ತಿ, ಬಂಗಾರ ಕಮ್ಮಿ. ಕೂತ್ಕೊಳ್ಳಿ ಅಕ್ಕ."

ಅವತ್ತಿನಿಂದ ನಾನು ಅವಳಿಗೆ ಅಕ್ಕ. ಅಕ್ಕಸಾಲಿಗರನ್ನು ನಮ್ಮ ಕಡೆ ಆಚಾರಿ ಅನ್ನುತ್ತೇವೆ. ಇವಳು ಹೆಂಗಸು ತಾನೇ, ನಾನು ಆಚಾರಮ್ಮ ಅಂದೆ. ಹಾಗೆ ಯಾರೂ ತನ್ನನ್ನು ಕರೆದೇ ಇಲ್ಲ ಎಂದಳು. ಅದರಲ್ಲಿ ಏನಿತ್ತು ಎಂದು ಆಗ ನನಗೆ ಗೊತ್ತಾಗಲಿಲ್ಲ.

ಉರಿ ಹತ್ತಿಸಿದ ಮೇಲೆ ಅವಳು ಮಾತಾಡುತ್ತಿರಲಿಲ್ಲ. ನೀವು ಕೇಳಿದ ಪ್ರಶ್ನೆಗೆ ಇಪ್ಪತ್ತು ನಿಮಿಷದ ಮೇಲೆ, ಉರಿ ಆರಿಸಿ, ಮೊದಲಿನಿಂದ ಉತ್ತರ ಕೊಡುತ್ತಿದ್ದಳು. ಕಾಫಿ ಕೆಟ್ಟದಾಗಿ ಮಾಡುತ್ತಿದ್ದಳು. ನಾನು ಹೇಳಿದೆ. ಹಾಗಾದರೆ ನೀವೇ ಮಾಡಿ ಅಂದಳು. ಆಮೇಲೆ ಹೋದಾಗಲೆಲ್ಲ ನಾನೇ ಮಾಡುತ್ತಿದ್ದೆ.

ಅವಳ ಒಡವೆಯಲ್ಲಿ ನಮ್ಮ ಮಾವಿನಕಾಯಿ, ನವಿಲು, ಹಂಸ ಯಾವುದೂ ಇರಲಿಲ್ಲ. ಬೆಳಿಗ್ಗೆ ಎದ್ದು ನದಿಯ ದಂಡೆಗೆ ಹೋಗುತ್ತಿದ್ದಳು. ಆ ನೀರಿನಲ್ಲೂ ತಾವರೆ ಇದೆ, ತಿಳಿ ಹಳದಿ ಬಣ್ಣದ್ದು. ಅದರ ಕಾಯಿ ಒಣಗಿ ತೂತು ತೂತಾದ ಬಟ್ಟಲಿನಂತೆ ಆದಾಗ ಕಿತ್ತು ತಂದು ಬೆಳ್ಳಿಯಲ್ಲಿ ಸರ ಮಾಡುತ್ತಿದ್ದಳು. ಸ್ಟರ್ಜನ್ ಎಂಬ ದೊಡ್ಡ ಮೀನಿನ ಬೆನ್ನಿನ ಚಿಪ್ಪಿನ ಹಾಗೆ ಬಳೆ. ಹಳೆಯ ಕಾರ್ಖಾನೆಗಳಲ್ಲಿ ಕಾರಿಗೆ ಬಣ್ಣ ಹೊಡೆದು ಹೊಡೆದು ಕಂಬಿಗಳ ಮೇಲೆ ಪದರ ಪದರವಾಗಿ ಕಲ್ಲಾದ ಬಣ್ಣವನ್ನು ಕತ್ತರಿಸಿ, ಉಜ್ಜಿ, ಉಂಗುರಕ್ಕೆ ಕೂರಿಸುತ್ತಿದ್ದಳು. ದ್ವೀಪದ ಮುದುಕರು ಆ ಉಂಗುರ ನೋಡಿ, ಈ ಕೆಂಪು ನಮ್ಮಪ್ಪನ ಮೊದಲ ಕಾರಿನದು ಎಂದು ಹೇಳುತ್ತಿದ್ದರು.

ಒಮ್ಮೆ ಒಬ್ಬ ಡಾಕ್ಟರ್ ಹೆಂಗಸು ಬಂದು ಗಂಡಭೇರುಂಡದ ಪದಕ ಬೇಕು ಎಂದಳು.

"ಇಲ್ಲಿ ಸಿಗಲ್ಲ," ಅಂದಳು ಆಚಾರಮ್ಮ.

"ನೀವು ಮೈಸೂರಿನವರಲ್ವಾ? ನಮ್ ಹೆರಿಟೇಜ್ ಅಲ್ವಾ ಅದು?"

"ಈ ನದಿ ನೀರು ಕುಡೀತೀನಿ ಕಣಮ್ಮ, ಈ ನದಿಯದ್ದೇ ಮಾಡ್ತೀನಿ. ಗಂಡಭೇರುಂಡ ಬೇಕಾದ್ರೆ ಮೈಸೂರಿಗೆ ಹೋಗಿ. ಅಲ್ಲಿ ಮಾಡೋರು ಇದಾರೆ, ಇನ್ನೊಬ್ಬರು ಮಾಡಿದ್ದು ತಮ್ಮದೇ ಅಂತ ಹೇಳ್ಕೊಳ್ಳೋರೂ ಇದಾರೆ."

ಆ ಕೊನೆಯ ಮಾತು ಯಾರಿಗೆ ಎಂದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಅದೂ ನನ್ನ ದಡ್ಡತನದಿಂದ.

ತಾವರೆಕಾಯಿ ಸರ ಒಂದನ್ನು ಅವಳು ನನಗೆ ಕೊಟ್ಟಿದ್ದಳು. ಅದನ್ನು ಹಾಕಿಕೊಂಡು ದೀಪಾವಳಿಗೆ ಮೊದಲು ಮಗನ ಮನೆಗೆ ಹೋದೆ. ಆ ಹೊತ್ತಿಗೆ ಡೆಸ್ ಪ್ಲೇನ್ಸ್‌ನಲ್ಲಿ, ಏರ್‌ಪೋರ್ಟ್ ಪಕ್ಕದ ಒಂದು ಹೋಟೆಲಿನ ಹಾಲ್‌ನಲ್ಲಿ, ಊರಿನ ಒಡವೆ ಅಂಗಡಿಯವರು ಬಂದು ಮೂರು ದಿನ ಪ್ರದರ್ಶನ ಇಡುತ್ತಾರೆ. ಶಿಕಾಗೋ ಸುತ್ತಲಿನ ನಮ್ಮ ಹೆಂಗಸರೆಲ್ಲ ಅಲ್ಲೇ. ಸೊಸೆಯ ಜೊತೆ ನಾನೂ ಹೋದೆ. ಒಂದು ಮೇಜಿನ ಹಿಂದೆ ರೇಷ್ಮೆ ಜುಬ್ಬಾ ಹಾಕಿದ ಎಪ್ಪತ್ತರ ಗಂಡಸು. ಎಲ್ಲರನ್ನೂ ನಗುತ್ತಾ ಕರೆಯುತ್ತಿದ್ದ. ನನ್ನ ಕುತ್ತಿಗೆ ನೋಡಿದ್ದೇ ನಗು ನಿಂತಿತು.

"ಅಮ್ಮಾ, ಇದು ಎಲ್ಲಿ ತಗೊಂಡ್ರಿ?"

"ಡೆಟ್ರಾಯಿಟ್ ಹತ್ರ ಒಂದು ದ್ವೀಪ. ಮೈಸೂರಿನವಳೇ ಮಾಡ್ತಾಳೆ. ಒಬ್ಬಳೇ ಹೆಂಗಸು."

ಅವನು ಮೇಜಿನ ಮೇಲೆ ಬಾಗಿ ಸರವನ್ನು ಹತ್ತಿರದಿಂದ ನೋಡಿದ. ಆಮೇಲೆ, "ಮಂಕಾಗಿದೆಯಲ್ಲಮ್ಮ. ಕೊಡಿ, ಪಾಲಿಶ್ ಮಾಡಿಸ್ತೀನಿ. ಕಾಸು ಬೇಡ. ಅಲ್ಲಿ ಕೂತು ಕಾಫಿ ಕುಡೀರಿ," ಅಂದ.

ನಮ್ಮ ಕಡೆಯ ಯಾವ ಹೆಂಗಸು ಬೇಡ ಅಂದಾಳು? ಆಚಾರಿ ತಾನಾಗಿ ಪುಕ್ಕಟೆ ಪಾಲಿಶ್ ಮಾಡುತ್ತೇನೆ ಅಂದರೆ ಬಳೆ, ಓಲೆ, ಉಡಿದಾರ ಎಲ್ಲ ಬಿಚ್ಚಿ ಕೊಟ್ಟು ಕೂರುವವರು ನಾವು. ನಾನೂ ಬಿಚ್ಚಿ ಕೊಟ್ಟೆ. ಅವನು ಪರದೆಯ ಹಿಂದೆ ಹೋದ. ಎರಡು ಕಾಫಿ, ಒಂದು ತಟ್ಟೆ ಕೋಡುಬಳೆ ಮುಗಿಯಿತು. ಮುಕ್ಕಾಲು ಗಂಟೆಯ ಮೇಲೆ ಸರ ಬಂತು. ಮಿರಮಿರ ಅನ್ನುತ್ತಿತ್ತು. ಒಂದು ತೂತಿನಲ್ಲಿ ನೀಲಿ ಅಂಟು ಸ್ವಲ್ಪ ಸಿಕ್ಕಿಕೊಂಡಿತ್ತು. ಉಗುರಿನಲ್ಲಿ ಕಿತ್ತು ಬಿಸಾಕಿದೆ, ಯೋಚನೆ ಮಾಡಲಿಲ್ಲ.

ಅಕ್ಷಯ ತೃತೀಯಕ್ಕೆ ಅದೇ ಹಾಲ್‌ಗೆ ಹೋದರೆ, ಅವನ ಮೇಜಿನ ಮೇಲೆ ನನ್ನ ಸರ. ಒಂದಲ್ಲ, ಎರಡು ತಟ್ಟೆ ತುಂಬ. ಬೆಳ್ಳಿಗೆ ಬಂಗಾರದ ನೀರು ಕುಡಿಸಿದ್ದ.

"ಇದು ಯಾರು ಮಾಡಿದ್ದು?" ಅಂದೆ.

"ನಮ್ಮ ಮನೆತನದ್ದೇ ಅಮ್ಮ. ನಮ್ಮ ತಾತನ ಕಾಲದ ಕೆಲಸ."

ನನ್ನ ಮುಖ ಅವನಿಗೆ ನೆನಪಿರಲಿಲ್ಲ. ಸರ ನೆನಪಿತ್ತು, ಅದನ್ನು ಹಾಕಿಕೊಂಡ ಮುದುಕಿ ನೆನಪಿರಲಿಲ್ಲ. ಇವತ್ತಿಗೂ ನನಗೆ ಹೆಚ್ಚು ಉರಿಯುವುದು ಅದೇ.

ಮೇ ತಿಂಗಳಲ್ಲಿ ವಾರೆನ್‌ಗೆ ಬಂದವಳೇ ದ್ವೀಪಕ್ಕೆ ಹೋಗಿ, ನಡೆದದ್ದನ್ನು ಬಿಡದೆ ಹೇಳಿದೆ. ನನ್ನನ್ನು ಬೈಯಲಿ ಎಂದುಕೊಂಡೇ ಹೋಗಿದ್ದೆ. ಆಚಾರಮ್ಮ ಬೈಯಲಿಲ್ಲ. ಅವನಿಗೆ ಬಲಗಿವಿಯ ಕೆಳಗೆ ಮಚ್ಚೆ ಇತ್ತಾ ಎಂದು ಕೇಳಿದಳು. ಇತ್ತು.

"ನಮ್ಮಣ್ಣ," ಅಂದಳು.

ಅವತ್ತು ಅವಳು ಕೆಲಸಕ್ಕೆ ಕೂರಲಿಲ್ಲ. ಹೇಳಿದಳು. ಅವರ ಮನೆಯಲ್ಲಿ ಹೆಣ್ಣು ಕುಲುಮೆಯ ಮುಂದೆ ಕೂತರೆ ಬಂಗಾರ ಮಂಕಾಗುತ್ತದೆ ಎಂದು ನಂಬಿಕೆ. ಇವಳಿಗೆ ಕೊಟ್ಟದ್ದು ಕುಲುಮೆಗೆ ಗಾಳಿ ಹಾಕುವ ತಿದಿ ಒತ್ತುವ ಕೆಲಸ. ತಿದಿ ಒತ್ತುತ್ತಲೇ ಅಪ್ಪನ ಬೆನ್ನ ಹಿಂದಿನಿಂದ ನೋಡಿ ನೋಡಿ ಎಲ್ಲ ಕಲಿತಳು. ಅಪ್ಪನಿಗೆ ಲಕ್ವ ಹೊಡೆದಾಗ ಒಂದು ದೊಡ್ಡ ಮನೆಯವರ ಸೊಂಟದ ಡಾಬು ಅರ್ಧಕ್ಕೆ ನಿಂತಿತ್ತು. ಅಣ್ಣನಿಗೆ ಅದು ಬರುತ್ತಿರಲಿಲ್ಲ. ಇವಳು ಬಾಗಿಲು ಹಾಕಿಕೊಂಡು ಹನ್ನೊಂದು ದಿನ ಕೂತು ಮುಗಿಸಿದಳು. ಆಗ ಹತ್ತೊಂಬತ್ತು ವರ್ಷ. ಅಣ್ಣ ಅದನ್ನು ತೆಗೆದುಕೊಂಡು ಹೋಗಿ ತಾನು ಮಾಡಿದ್ದೆಂದು ಕೊಟ್ಟ. ಆ ಡಾಬಿನಿಂದಲೇ ಅವನಿಗೆ ಹೆಸರು ಬಂತು, ಅಂಗಡಿ ಬಂತು.

"ಕೇಳಿದ್ದಕ್ಕೆ ಏನಂದ ಗೊತ್ತಾ ಅಕ್ಕ? 'ನೀನು ಒತ್ತಿದ್ದು ತಿದಿ ತಾನೆ, ಮಾಡಿದ್ದು ಯಾರು ನೋಡಿದಾರೆ' ಅಂದ. ಅವತ್ತೇ ಅಂದ್ಕೊಂಡೆ. ಇನ್ನೊಂದು ಸಲ ನನ್ನ ಕೈ ಕೆಲಸ ಇವನ ಕೈಗೆ ಹೋಗಬಾರದು. ಮದುವೆ ಆಗಿ ಇಷ್ಟು ದೂರ ಬಂದೆ. ಆದ್ರೂ ಹೋಯ್ತು ನೋಡಿ."

"ನನ್ನಿಂದ ಹೋಯ್ತು," ಅಂದೆ.

"ಹೂಂ, ನಿಮ್ಮಿಂದ. ಅದಕ್ಕೇ ನೀವೇ ಇನ್ನೊಂದು ಸಲ ಕೊಟ್ಟು ಬರಬೇಕು."

ಪಕ್ಕದ ಮನೆಯ ಮೀನು ಹಿಡಿಯುವ ಮುದುಕ ಯಾವಾಗಲೋ ಒಂದು ಗಾಜಿನ ಜಾಡಿ ತಂದುಕೊಟ್ಟಿದ್ದನಂತೆ. ಅದನ್ನು ಬೀರುವಿನಿಂದ ತೆಗೆದು ನನ್ನ ಮುಂದಿಟ್ಟಳು. ಔಷಧಿ ನೀರಿನಲ್ಲಿ ಮುಳುಗಿದ್ದ, ಹಾವಿನಂಥ ಮೀನು. ಅದಕ್ಕೆ ದವಡೆಯೇ ಇಲ್ಲ. ಬಾಯಿ ದುಂಡಗೆ, ಒಳಗೆ ಸುತ್ತು ಸುತ್ತಾಗಿ ಹಲ್ಲು. ಬೇರೆ ಮೀನಿನ ಮೈಗೆ ಆ ಬಾಯಿ ಹಚ್ಚಿ ರಕ್ತ ಹೀರಿ ಬದುಕುತ್ತದೆ. ಲ್ಯಾಂಪ್ರೇ ಅನ್ನುತ್ತಾರೆ. ಸಮುದ್ರದಿಂದ ಬಂದು ಈ ನದಿ ಸೇರುವ ದೊಡ್ಡ ಕೆರೆಗಳ ಒಳ್ಳೆಯ ಮೀನನ್ನೆಲ್ಲ ತಿಂದುಹಾಕಿದ್ದು ಇದೇ. ಮೀನಿನ ಕಸುಬಿನವರಿಗೆ ಇದರ ಹೆಸರು ಕೇಳಿದರೆ ಆಗುವುದಿಲ್ಲ.

"ಇದೂ ಈ ನದೀದೇ. ಚೆನ್ನಾಗಿಲ್ವಾ ಬಾಯಿ?" ಅಂದಳು.

ನಾನು ಜಾಡಿಯನ್ನು ದೂರ ತಳ್ಳಿದೆ. ಆದರೆ ಅವಳು ಮೇಣದಲ್ಲಿ ಅದನ್ನು ಬಿಡಿಸುತ್ತಾ ಹೋದ ಹಾಗೆ ನನ್ನ ಕಣ್ಣೆದುರೇ ಅದು ಹೂವಾಯಿತು. ಹಲ್ಲುಗಳೆಲ್ಲ ಎಸಳು. ನಡುವೆ ಒಂದು ತೂತು, ಸುತ್ತ ಏಳು ಸಾಲು. ಬೆಳ್ಳಿಯಲ್ಲಿ ಎರಕ ಹೊಯ್ದು ಉಜ್ಜಿ ಕೈಗೆ ಕೊಟ್ಟಾಗ, ಇಷ್ಟು ಚಂದದ ಪದಕ ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಅವಳು ಮಾಡಿದ್ದರಲ್ಲೆಲ್ಲ ಅದೇ ಮೇಲು. ಸೇಡು ತೀರಿಸಿಕೊಳ್ಳುವುದಕ್ಕೂ ಅವಳು ಸೋಮಾರಿ ಕೆಲಸ ಮಾಡಲಿಲ್ಲ.

"ಒಂದು ಹಲ್ಲೂ ನಾನು ಸೇರಿಸಿಲ್ಲ, ಬಿಟ್ಟಿಲ್ಲ," ಅಂದಳು. "ಇದ್ದದ್ದು ಇದ್ದ ಹಾಗೇ ಮಾಡಿದೀನಿ. ಇದು ಏನು ಅಂತ ಒಂದ್ಸಲ ಕೇಳಿದ್ರೆ ಹೇಳಿಬಿಡಿ ಅಕ್ಕ. ಕೇಳಿದ್ರೆ ಅವನು ಬಚಾವು."

ಮುಂದಿನ ದೀಪಾವಳಿಗೆ ಅದನ್ನು ಸೆರಗಿನ ಮೇಲೆ ಎದ್ದು ಕಾಣುವ ಹಾಗೆ ಹಾಕಿಕೊಂಡು ಡೆಸ್ ಪ್ಲೇನ್ಸ್‌ಗೆ ಹೋದೆ. ಪೆದ್ದಿಯ ಹಾಗೆ ನಾಲ್ಕು ಸಲ ಅವನ ಮೇಜಿನ ಮುಂದೆ ಓಡಾಡಿದೆ. ಐದನೇ ಸಲ ಕರೆದ.

"ಪಾಲಿಶ್ ಮಾಡ್ಕೊಡ್ಲಾ ಅಮ್ಮ?"

"ಮಾಡ್ಕೊಡಪ್ಪ, ನಿನಗೆ ಪುಣ್ಯ ಬರ್ಲಿ."

ಪದಕ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಕೇಳುತ್ತಾನೆ ಎಂದು ಕಾದೆ. ಯಾರು ಮಾಡಿದರು, ಇದು ಯಾವ ಹೂವು, ಏನಾದರೂ ಒಂದು. ಕೇಳಲಿಲ್ಲ. ಪರದೆಯ ಹಿಂದೆ ಹೋದ. ನಾನು ಕಾಫಿ ಕುಡಿದೆ. ಈ ಸಲ ನೀಲಿ ಅಂಟನ್ನು ಕೀಳದೆ, ಚಳಿಗಾಲ ಮುಗಿಯುವ ಮೊದಲೇ ವಾರೆನ್‌ಗೆ ಹೊರಟು ಬಂದು ಆಚಾರಮ್ಮನಿಗೆ ತೋರಿಸಿದೆ. ಅವಳು ಸೂಜಿಯಲ್ಲಿ ಅದನ್ನು ಬಿಡಿಸಿ, ಅಚ್ಚು ತೆಗೆಯೋ ಅಂಟು ಇದು ಎಂದು ಹೇಳಿ, ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಳು.

ವಸಂತ ಬಂತು. ಮದುವೆ ಸೀಸನ್ನು. ಡೆಸ್ ಪ್ಲೇನ್ಸ್ ತನಕ ಮಗಳು ಡ್ರೈವ್ ಮಾಡಿದಳು, ಆಚಾರಮ್ಮ ಹಿಂದಿನ ಸೀಟಿನಲ್ಲಿ. ನಾಲ್ಕೂವರೆ ಗಂಟೆಯಲ್ಲಿ ಅವಳು ಆಡಿದ್ದು ಎರಡೇ ಮಾತು. ಒಂದು, ಎಸಿ ಕಡಿಮೆ ಮಾಡು. ಇನ್ನೊಂದು, ಯಾವ ಎಕ್ಸಿಟ್ಟು.

ಹಾಲ್‌ನ ಬಾಗಿಲಲ್ಲೇ ಆಳೆತ್ತರದ ಚಿತ್ರ ನಿಲ್ಲಿಸಿದ್ದ. ಹುಡುಗಿಯೊಬ್ಬಳು ಮದುವಣಗಿತ್ತಿಯ ಅಲಂಕಾರದಲ್ಲಿ. ಕುತ್ತಿಗೆಯಲ್ಲಿ ಆ ಬಾಯಿ, ಎರಡು ಕಿವಿಯಲ್ಲಿ ಎರಡು ಬಾಯಿ, ಬೈತಲೆಯಲ್ಲಿ ಒಂದು ಮರಿ ಬಾಯಿ. ನನಗೆ ನಗು ತಡೆಯಲಿಲ್ಲ. ಮೇಜಿನ ಮುಂದೆ ಜನ. ಒಬ್ಬ ತಾಯಿ ಮಗಳ ಕುತ್ತಿಗೆಗೆ ಪದಕ ಹಿಡಿದು ನೋಡುತ್ತಿದ್ದಳು. ಆಚಾರಮ್ಮ ಅವರ ಪಕ್ಕ ಹೋಗಿ ನಿಂತಳು.

"ಇದು ಯಾವ ಹೂವು ಆಚಾರ್ರೇ?"

ಅವನು ತಲೆ ಎತ್ತಿದ. ಎಷ್ಟು ವರ್ಷದ ಮೇಲೆ ನೋಡಿದನೋ. ಗಿರಾಕಿಗಳೆಲ್ಲ ನೋಡುತ್ತಿದ್ದರು, ಏನಾದರೂ ಹೇಳಲೇಬೇಕಿತ್ತು.

"ಸಾವಿರ ಎಸಳಿನ ತಾವರೆ," ಅಂದ.

"ಯಾರ ಕೆಲಸ?"

ಆಗಲೂ ಅವನಿಗೆ ದಾರಿಯಿತ್ತು. ತಂಗಿಯ ಮುಖ ನೋಡಿಕೊಂಡೇ, "ನಮ್ಮ ಮನೆತನದ್ದು. ನಮ್ಮ ತಾತನ ಕಾಲದ್ದು," ಅಂದ.

ಆಚಾರಮ್ಮ ಕೈಚೀಲದಿಂದ ಜಾಡಿ ತೆಗೆದು ಗಾಜಿನ ಮೇಜಿನ ಮೇಲೆ, ಪದಕದ ಪಕ್ಕ ಇಟ್ಟಳು. ಬಾಯಿ ಹೆಂಗಸರ ಕಡೆಗೆ ಬರುವ ಹಾಗೆ ತಿರುಗಿಸಿದಳು. ಜೋರಾಗಿ ಮಾತಾಡಲೇ ಇಲ್ಲ.

"ಇದು ರಕ್ತ ಹೀರೋ ಮೀನಮ್ಮ. ತಾನು ಬೇಟೆ ಆಡಲ್ಲ, ಇನ್ನೊಬ್ಬರ ಮೈಗೆ ಅಂಟ್ಕೊಂಡು ಬದುಕತ್ತೆ. ಅದರ ಬಾಯಿ ಇದು, ಹಲ್ಲು ಎಣಿಸಿ ನೋಡಿ. ಇದನ್ನ ಮಾಡಿದ್ದು ನಾನು. ಇವರು ಪಾಲಿಶ್ ಮಾಡ್ತೀನಿ ಅಂತ ಈ ಅಕ್ಕನ ಹತ್ರ ಇಸ್ಕೊಂಡು ಅಚ್ಚು ತೆಗೆದ್ರು. ಏನು ಅಂತಾನೂ ಕೇಳಲಿಲ್ಲ."

ಆ ತಾಯಿ ಮಗಳ ಕುತ್ತಿಗೆಯಿಂದ ಪದಕವನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಮೇಲೆ ಬಿಟ್ಟಳು. ಮಗಳು ಇಂಗ್ಲಿಷಿನಲ್ಲಿ ಏನೋ ಅಂದು ಕುತ್ತಿಗೆ ಒರೆಸಿಕೊಂಡಳು.

"ಅಲ್ರೀ, ತಾಳಿ ಕಟ್ಟೋ ಕುತ್ತಿಗೆಗೆ ಇದನ್ನ ಹಾಕೋಕೆ ಬಂದಿದ್ರಾ? ಬೆಳಿಗ್ಗೆ ನಮ್ಮ ನಾದಿನಿ ಒಂದು ಸೆಟ್ಟು ತಗೊಂಡು ಹೋಗಿದಾಳೆ!" ಎಂದು ಆ ತಾಯಿ ಫೋನು ತೆಗೆದಳು. ನಮ್ಮ ಹೆಂಗಸರ ಫೋನು ಗೊತ್ತಲ್ಲ. ಅರ್ಧ ಗಂಟೆಯಲ್ಲಿ ಶಿಕಾಗೋ ಸುತ್ತಲಿನ ಅಡಿಗೆಮನೆಗಳಿಗೆಲ್ಲ ಆ ಮೀನು ತಲುಪಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಸೆಟ್ಟು ವಾಪಸು ಕೊಡಲು ಸಾಲು ನಿಂತಿತ್ತು. ಅಷ್ಟರ ಮೇಲೆ ಅವನು ಆ ಹಾಲ್‌ಗೆ ಮತ್ತೆ ಬಂದಿಲ್ಲ.

"ಮನೆತನದ ಮಾನ ಕಳೆದೆಯಲ್ಲೇ," ಅಂದ ಮೆಲ್ಲಗೆ, ನಾವು ಮೇಜು ಬಿಟ್ಟು ಹೊರಡುವಾಗ.

"ಇದು ತಂಗೀದು ಅಂತ ಒಂದು ಮಾತು ಅಂದಿದ್ರೆ ಜಾಡಿ ಚೀಲದಲ್ಲೇ ಇರ್ತಿತ್ತು ಅಣ್ಣ," ಅಂದಳು. ಜಾಡಿ ಎತ್ತಿಕೊಂಡು ಬಂದಳು. ಬರುವಾಗ ದಾರಿಯಲ್ಲಿ ಮೂರು ಇಡ್ಲಿ ತಿಂದಳು, ನಾನು ಮಾಡಿದ ಚಟ್ನಿಗೆ ಉಪ್ಪು ಕಡಿಮೆ ಅಂದಳು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವಳಿಗೆ ಕೆಮ್ಮು ಹಿಡಿಯಿತು. ಜೀವಮಾನವೆಲ್ಲ ಕುಡಿದ ಹೊಗೆ. ಡಾಕ್ಟರು ಫೋಟೋ ತೆಗೆದು, ಎರಡೂ ಶ್ವಾಸಕೋಶ ಹೋಗಿದೆ ಅಂದರು. ಮಕ್ಕಳಿಲ್ಲ, ಗಂಡ ಎಂದೋ ಹೋಗಿದ್ದ. ಆ ಚಳಿಗಾಲ ನಾನು ಲಿಸ್ಲ್‌ಗೆ ಹೋಗಲಿಲ್ಲ. ಮಗನಿಗೆ ನೀನೇ ಅಡಿಗೆ ಮಾಡಿಕೋ ಅಂದು ದ್ವೀಪದಲ್ಲೇ ಉಳಿದೆ.

ಜನವರಿಯಲ್ಲಿ ಅಣ್ಣನ ಫೋನು ಬಂತು. ವಿಷಯ ಹೇಗೋ ತಿಳಿದಿತ್ತು. ನಾನೇ ಎತ್ತಿದೆ. ಹೇಗಿದ್ದಾಳೆ ಎಂದು ಒಂದು ಸಲ ಕೇಳಿದ. ಆಮೇಲೆ, ಅವಳ ಮಾದರಿಗಳು, ಅಚ್ಚುಗಳು ಹೊರಗಿನವರ ಪಾಲಾಗಬಾರದು, ಅದು ಮನೆತನದ ವಿದ್ಯೆ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದ. ಹಾಗೇ ಅವಳಿಗೆ ಹೇಳಿದೆ.

"ಏಳಿಸಿ ನನ್ನ," ಅಂದಳು.

ಮಧ್ಯಾಹ್ನದ ಬಿಸಿಲಿತ್ತು, ಹೊರಗೆ ಮಂಡಿಯುದ್ದ ಹಿಮ. ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ರಬ್ಬರಿನ ಅಚ್ಚುಗಳನ್ನೆಲ್ಲ ನನ್ನ ಕೈಯಲ್ಲಿ ಕತ್ತರಿಸಿ ಹಾಕಿಸಿದಳು. ಬೆಳ್ಳಿಯ ಮಾದರಿಗಳನ್ನು ಒಂದೊಂದಾಗಿ ಕರಗಿಸುವ ಮೂಸೆಗೆ ಹಾಕಿ ಅಂದಳು. ಈ ಶೆಡ್ಡಿನಲ್ಲಿ ಕೂತು ಮಾಡಿದ ಹನ್ನೆರಡು ವರ್ಷದ ಕೆಲಸ. ಮೀನಿನ ಚಿಪ್ಪು, ಸೇತುವೆ, ದೀಪದ ಗೋಪುರ, ಹುಲ್ಲು, ಬಾತುಕೋಳಿಯ ಗರಿ. ಆ ಪದಕವೂ ಹೋಯಿತು. ಎಲ್ಲ ಮುಗಿದ ಮೇಲೆ ನಾನು ನನ್ನ ಸರ ಬಿಚ್ಚಿದೆ. ಬೇಡ ಅಕ್ಕ, ನಿಮ್ಮದು ನಿಮಗಿರಲಿ ಅಂದಳು. ಇದನ್ನು ಇಟ್ಟುಕೊಂಡರೆ ಇನ್ನೆಂದಾದರೂ ಯಾರಾದರೂ ಪಾಲಿಶ್ ಮಾಡಿಕೊಡ್ತೀನಿ ಅಂದಾರು, ನನ್ನ ಬುದ್ಧಿ ನನಗೆ ಗೊತ್ತು ಅಂದೆ. ಮೂಸೆಗೆ ಹಾಕಿದೆ.

ಉರಿ ಅವಳೇ ಹಿಡಿದಳು. ತಾವರೆಕಾಯಿ ಮೊದಲು ಬಾಗಿತು, ಆಮೇಲೆ ಕನ್ನಡಿಯಂತೆ ನೀರಾಯಿತು. ನಾನು ಮುಖ ತಿರುಗಿಸಿದೆ. ಅವಳು ತಿರುಗಿಸಲಿಲ್ಲ. ಸೋಪಿನ ಬಿಲ್ಲೆಯಷ್ಟು ದಪ್ಪದ ಗಟ್ಟಿ ಹೊಯ್ದಳು.

"ಬಂದ್ರೆ ಇದನ್ನ ಕೊಡಿ. ಬೆಳ್ಳಿ ಅವನದ್ದಾಗ್ಲಿ, ಕೆಲಸ ಬೇಡ."

ಅದಾದ ಒಂಬತ್ತನೇ ದಿನ ಹೋದಳು. ದ್ವೀಪದ ಮುದುಕರು ಬಂದಿದ್ದರು, ಬೆರಳಲ್ಲಿ ಅವಳ ಉಂಗುರ. ಅದನ್ನೆಲ್ಲ ಯಾರೂ ಕರಗಿಸಲಾರರು, ಅವರು ಸತ್ತರೆ ಅವರ ಜೊತೆ ಹೋಗುತ್ತದೆ.

ಅಣ್ಣ ಬಂದದ್ದು ಎಲ್ಲ ಮುಗಿದ ಮಾರನೇ ದಿನ. ನಾನು ಮನೆ ಗುಡಿಸುತ್ತಿದ್ದೆ. ಬಾಗಿಲು ತೆರೆದರೆ ಊರಿನಿಂದ ತಂದ ತೆಳ್ಳನೆ ಸ್ವೆಟರಿನಲ್ಲಿ ನಿಂತಿದ್ದ. ಹೊರಗೆ ಆರು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ನದಿಯ ಗಾಳಿ ಬೇರೆ. ತುಟಿ ನೀಲಿಯಾಗಿತ್ತು. ಈ ಸಲ ನನ್ನ ಮುಖ ಅವನಿಗೆ ನೆನಪಿತ್ತು.

ಗಟ್ಟಿಯನ್ನು ತಂದು ಹೊಸಿಲಿನ ಆಚೆಗೆ ಚಾಚಿದೆ. "ತಗೊಳ್ಳಿ. ಅವಳ ಕೆಲಸ ಎಲ್ಲ ಇದರಲ್ಲಿದೆ."

ಎರಡು ಕೈಯಲ್ಲೂ ಹಿಡಿದ. ತಿರುಗಿಸಿ ನೋಡಿದ. ಕಸುಬಿನವನಲ್ಲವೆ, ಏನು ಕರಗಿದೆ ಎಂದು ಅರ್ಥವಾಯಿತು. ಅಳುತ್ತಾನೆ ಅಂದುಕೊಂಡಿರಲಿಲ್ಲ, ಅತ್ತ. ಯಾವುದಕ್ಕೆ ಅತ್ತನೋ ನಾನು ಕೇಳಲಿಲ್ಲ.

"ಕೊನೇಲಿ ನನ್ನ ವಿಷಯ ಏನಾದ್ರೂ ಅಂದ್ಲಾ ಅಮ್ಮ?"

"ಇಲ್ಲ," ಅಂದೆ. "ನಿಮ್ಮ ಹೆಸರೇ ಎತ್ತಲಿಲ್ಲ."

ಬಾಗಿಲು ಹಾಕಿದೆ. ಅವನು ತುಂಬ ಹೊತ್ತು ಅಲ್ಲೇ ನಿಂತಿದ್ದ. ಕಿಟಕಿಯಲ್ಲಿ ಕಾಣುತ್ತಿತ್ತು.

ನಾನು ಹೇಳಿದ್ದು ಸುಳ್ಳು. ಹೋಗುವ ದಿನ ಬೆಳಿಗ್ಗೆ ಅವಳು ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದ್ದಳು. "ಅಣ್ಣ ಬಂದಿದಾನೆ ಅಕ್ಕ. ಅವನಿಗೆ ಚಳಿ ತಡೆಯಲ್ಲ. ಒಳಗೆ ಕರೀರಿ," ಅಂದಿದ್ದಳು. ಸ್ಪಷ್ಟವಾಗಿ, ಎರಡು ಸಲ.

ಅವತ್ತು ಅವನಿಗೆ ಅದು ಸಲ್ಲುವುದಿಲ್ಲ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಅವಳ ಮಾತನ್ನು ನುಂಗಿ ಕೂರಲು ನಾನು ಯಾರು? ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವನು ಓದಲಿ. ಎಲ್ಲಿದ್ದಾನೋ ಅಲ್ಲೇ ಕೂತು ಓದಲಿ.